ಪೌರತ್ವದ ಕಾಗದ ಯಾರ ಕೈಯಲ್ಲಿರಬೇಕು?



ಪೌರತ್ವವೆಂದರೆ ದಿಲ್ಲಿಯ ಮಾತು, ನಮ್ಮ ಸಂಘದ ಸಭೆಗೆ ಅದೇಕೆ ಎಂದು ನಿಮಗನ್ನಿಸಬಹುದು. ಆದರೆ ನಮ್ಮ ಜಿಲ್ಲೆಯ ಭಟ್ಕಳದಲ್ಲೇ ಪಾಕಿಸ್ತಾನದಿಂದ ಸೊಸೆಯರಾಗಿ ಬಂದು, ದೀರ್ಘಾವಧಿ ವೀಸಾದ ಮೇಲೆ ಬದುಕುತ್ತಿರುವ ಹೆಂಗಸರಿದ್ದಾರೆ. ಘಟ್ಟದ ಮೇಲಿನ ನಮ್ಮ ತಾಲೂಕುಗಳಲ್ಲೂ ಹೆಣ್ಣು ಸಿಗದೆ ದೂರದಿಂದ ಸೊಸೆ ತರುವ ಕಾಲ ಬಂದಿದೆ. ಬೇರೆ ರಾಜ್ಯದಿಂದ ಬಂದವಳು ಭಾರತೀಯಳೇ; ಅವಳಿಗೆ ಈ ಚಿಂತೆಯಿಲ್ಲ. ನೇಪಾಳದವಳಿಗೆ ಇಲ್ಲಿರಲು ವೀಸಾ ಬೇಡ, ಆದರೆ ಅಷ್ಟರಿಂದ ಅವಳು ಇಲ್ಲಿನ ಪ್ರಜೆಯಾಗುವುದಿಲ್ಲ.

ತಾಳಿಯಾಗಲೀ ನಿಕಾಹ್ ಆಗಲೀ ಪೌರತ್ವ ಕೊಡುವುದಿಲ್ಲ. 1955ರ ಪೌರತ್ವ ಕಾಯ್ದೆಯ 5ನೇ ಕಲಮಿನ ಪ್ರಕಾರ ಆಕೆ ಏಳು ವರ್ಷ ಭಾರತದಲ್ಲಿ ವಾಸವಾಗಿರಬೇಕು. ಅದರಲ್ಲಿ ಅರ್ಜಿಗೆ ಮುಂಚಿನ ಹನ್ನೆರಡು ತಿಂಗಳು ಸತತವಾಗಿರಬೇಕು. ಆಮೇಲೆ ಜಿಲ್ಲಾಧಿಕಾರಿಗೆ, ಅಂದರೆ ನಮಗೆ ಕಾರವಾರಕ್ಕೆ, ಅರ್ಜಿ. ವಿವಾಹ ನೋಂದಣಿ ಪತ್ರ, ಆಕೆಯ ಪಾಸ್‌ಪೋರ್ಟು, ಗಂಡ ಭಾರತೀಯನೆಂಬ ದಾಖಲೆ ಬೇಕು. ಅರ್ಜಿ ರಾಜ್ಯ ಸರ್ಕಾರದ ಮೂಲಕ ಕೇಂದ್ರಕ್ಕೆ ಹೋಗುತ್ತದೆ. ಒಪ್ಪಿಗೆಯಾದರೆ ನಿಷ್ಠೆಯ ಪ್ರಮಾಣವಚನ, ಬಳಿಕ ನೋಂದಣಿ ಪತ್ರ.

ಇಲ್ಲೇ ಹೆಣ್ಣಿಗೆ ಏಟು ಬೀಳುವುದು. ಮೂಲ ಕಾಯ್ದೆಯಲ್ಲಿ ಭಾರತೀಯನನ್ನು 'ಮದುವೆಯಾಗಿರುವ ಅಥವಾ ಮದುವೆಯಾಗಿದ್ದ' ಹೆಂಗಸಿಗೆ ಈ ಹಕ್ಕಿತ್ತು. 2003ರ ತಿದ್ದುಪಡಿ 'ಮದುವೆಯಾಗಿದ್ದ' ಎಂಬುದನ್ನು ತೆಗೆದುಹಾಕಿತು. 1986ರಲ್ಲಿ ಐದು ವರ್ಷವಾಗಿದ್ದ ಅವಧಿಯನ್ನು ಏಳಕ್ಕೇರಿಸಿತು. ವಿಧವೆಗೂ ವಿಚ್ಛೇದಿತೆಗೂ ಈ ಬಾಗಿಲು ಮುಚ್ಚಿತು. ಉಳಿದದ್ದು ಇನ್ನೂ ಹೆಚ್ಚು ವರ್ಷ ಹಿಡಿಯುವ ದೇಶೀಕರಣದ ದಾರಿ. ಅಂದಮೇಲೆ ಆರನೇ ವರ್ಷದಲ್ಲಿ ಹೊಡೆತ ತಿನ್ನುವ ಹೆಂಡತಿ ಬಾಯಿಬಿಟ್ಟಾಳೇ? ಪೆಟ್ಟು ತಾಳಲಾರದೆ ತವರಿಗೆ ಓಡಿದರೆ ಹನ್ನೆರಡು ತಿಂಗಳ ಲೆಕ್ಕ ತಪ್ಪುತ್ತದೆ. 2015ರ ತಿದ್ದುಪಡಿ ಕೊಟ್ಟ ವಿನಾಯಿತಿ ಹೆಚ್ಚೆಂದರೆ ಮೂವತ್ತು ದಿನ.

ಗಂಡ ಪಾಸ್‌ಪೋರ್ಟು ಬಚ್ಚಿಟ್ಟು ವೀಸಾ ನವೀಕರಿಸಲು ಬಿಡದಿದ್ದರಂತೂ ಕಾನೂನಿನ ಕಣ್ಣಲ್ಲಿ ಆಕೆ 'ಅಕ್ರಮ ವಲಸಿಗಳು'. ಆಗ ನೋಂದಣಿಗೆ ಅರ್ಹಳಲ್ಲ. 2004ರ ಡಿಸೆಂಬರ್ 3ರಿಂದೀಚೆಗಿನ ನಿಯಮದಂತೆ, ಆ ಸ್ಥಿತಿಯಲ್ಲಿ ಅವಳು ಹೆತ್ತ ಮಗುವಿಗೆ, ತಂದೆ ಭಾರತೀಯನಾದರೂ, ಹುಟ್ಟಿನಿಂದ ಪೌರತ್ವವಿಲ್ಲ. ಕೈ ಎತ್ತದೆಯೂ ಹಿಂಸಿಸುವ ಉಪಾಯವಿದು.

ಆದರೆ ಒಂದನ್ನು ಎಲ್ಲರೂ ತಿಳಿದಿರಬೇಕು. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಪೌರತ್ವ ಕೇಳುವುದಿಲ್ಲ; 'ಯಾವುದೇ ಮಹಿಳೆ' ಎನ್ನುತ್ತದೆ. ತಾತ್ಕಾಲಿಕವಾಗಿ ವಾಸಿಸುವ ಊರಿನಲ್ಲೂ ಮ್ಯಾಜಿಸ್ಟ್ರೇಟರ ಮೊರೆಹೋಗಬಹುದು. ಸ್ತ್ರೀಧನವನ್ನೂ ತನ್ನ ಸ್ವತ್ತನ್ನೂ ಮರಳಿ ಕೇಳಬಹುದು. ತಾಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಸಂರಕ್ಷಣಾಧಿಕಾರಿ. ತಾಲೂಕು ಕಾನೂನು ಸೇವಾ ಸಮಿತಿಯಲ್ಲಿ ಹೆಂಗಸಿಗೆ, ಆದಾಯವೆಷ್ಟೇ ಇರಲಿ, ವಕೀಲರು ಉಚಿತ.

ಕಾಯ್ದೆಗೆ 'ಮದುವೆಯಾಗಿದ್ದ' ಎಂಬ ಮಾತು ಮರಳಿ ಬರಬೇಕೆಂದು ನಾವು ಒತ್ತಾಯಿಸಬೇಕು. ಅಲ್ಲಿಯವರೆಗೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಸಂಘಗಳು ಮಾಡಬಹುದಾದ ಕೆಲಸವಿದೆ. ನಿಮ್ಮ ಕೇರಿಯಲ್ಲಿ ಪರದೇಶದ ಸೊಸೆಯಿದ್ದರೆ ಅವಳನ್ನು ಸಭೆಗೆ ಕರೆಯಿರಿ. ಮದುವೆ ನೋಂದಣಿಯಾಗಿದೆಯೇ, ಪಾಸ್‌ಪೋರ್ಟು ಅವಳ ಕೈಯಲ್ಲೇ ಇದೆಯೇ, ವೀಸಾ ಎಂದಿನವರೆಗೆ, ಏಳು ವರ್ಷ ಎಂದು ತುಂಬುತ್ತದೆ, ಕೇಳಿ ಬರೆದಿಡಿ. ಉಳಿತಾಯದ ಲೆಕ್ಕ ಬರೆಯುವ ಕೈಗೆ ಇದೇನೂ ಹೊರೆಯಲ್ಲ.