ರಸ್ತೆ ಇಲ್ಲಿ, ಓಟು ಅಲ್ಲಿ



ಗೋವೆಯ ವಾಸ್ಕೋ ಪಟ್ಟಣದ ಮಂಗೋರ್ ಹಿಲ್‌ನಲ್ಲಿ ನೆಲೆಸಿರುವ ನಾವು ಕನ್ನಡ ನಾಡಿನಿಂದ ಕೂಲಿಗಾಗಿ ಬಂದವರು. ನಿಮ್ಮ ಲೈನ್ ಮನೆಗಳಿಂದ ಬಂದ ಮಕ್ಕಳೂ ನಮ್ಮ ನಡುವೆ ಇದ್ದಾರೆ. ಕಳೆದ ಮಳೆಗಾಲದಲ್ಲಿ ನಮ್ಮ ಓಣಿಯ ತಾಯಿಯೊಬ್ಬರು ಕೆಲಸ ಮುಗಿಸಿ ಕತ್ತಲಲ್ಲಿ ಬರುತ್ತಿದ್ದಾಗ, ನೀರು ತುಂಬಿದ ಗುಂಡಿಗೆ ಕಾಲಿಟ್ಟು ಬಿದ್ದರು. ಕೈ ಮುರಿಯಿತು. ಒಂದೂವರೆ ತಿಂಗಳ ಕೂಲಿ ಹೋಯಿತು. ರಸ್ತೆ ದುರಸ್ತಿ ಮಾಡಿಸಿಕೊಡಿ ಎಂದು ನಾವು ಏಳು ಮಂದಿ ಹೋಗಿ ಒಬ್ಬ ಮುಖಂಡರನ್ನು ಬೇಡಿದೆವು. ಅವರು ಕೇಳಿದ್ದು ಒಂದೇ ಮಾತು: "ನಿಮ್ಮ ಓಟು ಎಲ್ಲಿದೆ?" ಏಳರಲ್ಲಿ ಐವರ ಹೆಸರು ಊರಿನ ಪಟ್ಟಿಯಲ್ಲಿತ್ತು. ತಲೆ ತಗ್ಗಿಸಿ ಹಿಂದಿರುಗಿದೆವು.

ಆ ಪ್ರಶ್ನೆ ನ್ಯಾಯವಾದುದಲ್ಲ. ರಸ್ತೆಯ ಹಣ ಓಟು ಇದ್ದವರದು ಮಾತ್ರವಲ್ಲ. ಬೈಕಿಗೆ ಹಾಕಿಸುವ ಪ್ರತಿ ಲೀಟರ್ ಪೆಟ್ರೋಲಿನಲ್ಲೂ ಕೇಂದ್ರ ಸರ್ಕಾರದ ರಸ್ತೆ ಸೆಸ್ ಸೇರಿದೆ. ಮಾಲೀಕರು ಪುರಸಭೆಗೆ ಕಟ್ಟುವ ಮನೆ ತೆರಿಗೆ ನಮ್ಮ ಬಾಡಿಗೆಯಿಂದಲೇ ಬರುತ್ತದೆ. 2020ರ ಜೂನ್‌ನಲ್ಲಿ ಕೊರೋನಾ ಹಬ್ಬಿ, ಮಂಗೋರ್ ಹಿಲ್ ಗೋವೆಯ ಮೊದಲ ಕಂಟೇನ್‌ಮೆಂಟ್ ವಲಯವಾದಾಗ ಓಟು ಎಲ್ಲಿದೆ ಎಂದು ಯಾರೂ ಕೇಳಲಿಲ್ಲ. ಎಲ್ಲರನ್ನೂ ಸೇರಿಸಿಯೇ ದಾರಿ ಮುಚ್ಚಿದರು. ದಾರಿ ಮುಚ್ಚುವಾಗ ಲೆಕ್ಕಕ್ಕೆ ಬಂದವರು ದಾರಿ ಮಾಡುವಾಗಲೂ ಲೆಕ್ಕಕ್ಕೆ ಬರಬೇಡವೇ?

ಆದರೂ ಆ ಪ್ರಶ್ನೆಯಲ್ಲಿ ನಮಗೊಂದು ಪಾಠವಿದೆ. ಅಮೆರಿಕದ ಸಿಯಾಟಲ್ ನಗರದಲ್ಲಿ 2015ರಲ್ಲಿ ರಸ್ತೆ ದುರಸ್ತಿ, ಸುರಕ್ಷತೆ ಮುಂತಾದ ಕೆಲಸಗಳಿಗೆ ಒಂಬತ್ತು ವರ್ಷ ಆಸ್ತಿ ತೆರಿಗೆಯಿಂದ 93 ಕೋಟಿ ಡಾಲರ್ ಎತ್ತಬಹುದೇ ಎಂದು ಜನರ ಮತವನ್ನೇ ಕೇಳಿದರು, ಜನ ಒಪ್ಪಿದರು. ಗೋವೆಯ ಜನರೂ ಒಮ್ಮೆ ಹೀಗೆ ನೇರವಾಗಿ ತೀರ್ಪು ಕೊಟ್ಟವರೇ. 1967ರ ಜನವರಿ 16ರಂದು, ಮಹಾರಾಷ್ಟ್ರದೊಡನೆ ಸೇರುವುದು ಬೇಡವೆಂದು 34,021 ಮತಗಳ ಅಂತರದಿಂದ ಹೇಳಿದರು. ಆದರೆ ರಸ್ತೆಯ ಹಣಕ್ಕೆ ನಮ್ಮಲ್ಲಿ ಅಂಥ ಮತದಾನವಿಲ್ಲ. ಪುರಸಭೆಯ ಸದಸ್ಯರನ್ನು ಆರಿಸುವ ಓಟೊಂದೇ ನಮ್ಮ ಕೈಯಲ್ಲಿರುವುದು. ಹಣ ಯಾವ ಓಣಿಗೆ ಹೋಗಬೇಕೆಂದು ಸಭೆಯಲ್ಲಿ ಮಾತನಾಡುವವರು ಅವರೇ.

ಊರಿನ ಓಟು ಬಿಟ್ಟರೆ ಬೇರು ಕಿತ್ತಂತೆ ಎಂದು ನಮ್ಮ ಹಿರಿಯರು ಹೇಳುತ್ತಾರೆ. ಆ ನೋವು ನಮಗೂ ಇದೆ. ಚುನಾವಣೆ ಬಂದರೆ ರಾತ್ರಿ ಬಸ್ಸು ಹತ್ತಿ ಹೋಗಿ ಓಟು ಹಾಕಿ ಬರುತ್ತೇವೆ. ಆದರೆ ವರ್ಷದ ಹನ್ನೊಂದು ತಿಂಗಳು ನಾವು ನಡೆಯುವುದು ಈ ಗುಡ್ಡದ ದಾರಿಯಲ್ಲಿ. 1950ರ ಜನತಾ ಪ್ರಾತಿನಿಧ್ಯ ಕಾಯಿದೆಯಂತೆ ಹೆಸರು ಒಂದೇ ಕ್ಷೇತ್ರದಲ್ಲಿರಬೇಕು, ಅದೂ ಸಾಮಾನ್ಯವಾಗಿ ವಾಸವಿರುವ ಕಡೆ. ಬಾಡಿಗೆ ಮನೆಯಾದರೂ ಅಡ್ಡಿಯಿಲ್ಲ; ಊರಿನಲ್ಲಿ ಸ್ವಂತ ಮನೆ ಇದ್ದ ಮಾತ್ರಕ್ಕೆ ಅಲ್ಲಿನ ವಾಸಿ ಎನಿಸುವುದಿಲ್ಲ. ಹೆಸರು ಬದಲಿಸಿಕೊಳ್ಳಲು ನಮೂನೆ 8 ತುಂಬಿ ಕೊಟ್ಟರೆ ಸಾಕು; ಶುಲ್ಕವಿಲ್ಲ.

ತೋಟದವರಾದ ನಿಮಗೂ ನಮ್ಮ ಮಾತು ಇದೇ. ಒಂದು ತೋಟ ಬಿಟ್ಟು ಇನ್ನೊಂದಕ್ಕೆ ಹೋಗುವಾಗ ಪಾತ್ರೆ, ಕಂಬಳಿ ಎಲ್ಲವನ್ನೂ ಹೊತ್ತೊಯ್ಯುತ್ತೇವೆ. ಹೆಸರನ್ನು ಮಾತ್ರ ಹಳೆಯ ಪಂಚಾಯಿತಿಯಲ್ಲೇ ಬಿಡುತ್ತೇವೆ. ಗೇಟಿನಾಚೆಯ ರಸ್ತೆಯಲ್ಲಿ ನಮ್ಮ ಮಕ್ಕಳು ಜೀಪು, ಲಾರಿಗಳ ಪಕ್ಕದಲ್ಲೇ ಶಾಲೆಗೆ ನಡೆದು ಹೋಗುತ್ತಾರೆ. ಕರ್ನಾಟಕದ 1993ರ ಪಂಚಾಯತ್ ರಾಜ್ ಕಾಯಿದೆ ನಮಗೆ ಗ್ರಾಮಸಭೆಯನ್ನು ಕೊಟ್ಟಿದೆ. ಮತದಾರರ ಪಟ್ಟಿಯಲ್ಲಿ ಹೆಸರಿರುವವರೇ ಅದರ ಸದಸ್ಯರು. ಅರ್ಧ ದಿನದ ಕೂಲಿ ಹೋದರೂ ಹೋಗಿ ಕುಳಿತುಕೊಳ್ಳಿರಿ. ತಾಯಂದಿರು ಎದ್ದು ನಿಂತು ರಸ್ತೆಯ ಮಾತೆತ್ತಲಿ, ಅದನ್ನು ಪುಸ್ತಕದಲ್ಲಿ ಬರೆಸಲಿ.

ನಮ್ಮ ಐವರಲ್ಲಿ ಮೂವರು ಈಗ ನಮೂನೆ ಕೊಟ್ಟಿದ್ದಾರೆ. ಗುಂಡಿ ಇನ್ನೂ ಹಾಗೆಯೇ ಇದೆ. ಆದರೆ ಮುಂದಿನ ಸಲ ಓಟು ಎಲ್ಲಿದೆ ಎಂದು ಕೇಳಿದರೆ, ಇಲ್ಲೇ ಇದೆ ಎಂದು ತಲೆಯೆತ್ತಿ ಹೇಳಬಲ್ಲೆವು.