ಗೋಡೆಯಾಚೆಯ ಕೂಗು

ಮಿಲ್ಲಿನಲ್ಲಿ ಮೇಸ್ತ್ರಿ ಒಬ್ಬ ಕೂಲಿಯ ಮೇಲೆ ಕೈಮಾಡಿದರೆ ಇಡೀ ಪಾಳಿ ಕೆಲಸ ನಿಲ್ಲಿಸಿ ಹೊರಬರುತ್ತದೆ. ರಾತ್ರಿ ವಠಾರದಲ್ಲಿ ಹೆಂಗಸೊಬ್ಬಳು ಕೂಗಿಕೊಂಡರೆ, ಕಾರ್ಮಿಕರಾಗಲಿ ಅಂಗಡಿಯವರಾಗಲಿ, ನಾವು ಕದ ಹಾಕಿಕೊಳ್ಳುತ್ತೇವೆ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕವಂತೆ! ಪೆಟ್ಟು ತಿಂದವಳು ಉಣ್ಣುವುದೂ ಇಲ್ಲ, ಮಲಗುವುದೂ ಇಲ್ಲ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಿವಾಹಿತ ಸ್ತ್ರೀಯರಲ್ಲಿ ನೂರಕ್ಕೆ 44 ಮಂದಿ ಗಂಡನ ಹಿಂಸೆ ಕಂಡವರು. ಆ ಗಂಡಂದಿರಲ್ಲಿ ನಮ್ಮ ಸಭೆಗಳಲ್ಲಿ ಮುಷ್ಟಿ ಎತ್ತುವವರು ಯಾರೂ ಇಲ್ಲವೆಂದು ಎದೆ ಮುಟ್ಟಿ ಹೇಳಬಲ್ಲೆವೆ?

2005ರ ಕೌಟುಂಬಿಕ ಹಿಂಸೆ ಕಾಯಿದೆಯಡಿ, ಕೂಗು ಕೇಳಿದ ನೆರೆಯವನೂ ರಕ್ಷಣಾಧಿಕಾರಿಗೆ ತಿಳಿಸಬಹುದು. ಸದುದ್ದೇಶದಿಂದ ತಿಳಿಸಿದವನ ಮೇಲೆ ಮೊಕದ್ದಮೆ ಹೂಡಲಾಗದು. ಮುಂದಿನ ಸಂಘದ ಸಭೆಯಲ್ಲಿ ಬೋನಸ್ಸಿಗಿಂತ ಮೊದಲು ಈ ವಿಷಯವನ್ನೇ ಎತ್ತುತ್ತೇವೆ. ಸಿಟ್ಟಾಗುವವರು ಆಗಲಿ.