ಎರಡು ಅಕೌಂಟ್, ಒಬ್ಬರೇ ನಾವು

ಬರೆಯುವ ಹುಚ್ಚಿರುವ ನಮ್ಮಂಥ ಕ್ರೈಸ್ತ ಹುಡುಗ ಹುಡುಗಿಯರ ಫೋನ್ ತೆಗೆದು ನೋಡಿದರೆ ಬಹಳ ಸಲ ಅದರೊಳಗೆ ಇಬ್ಬರು ಬೇರೆ ಬೇರೆ ಮನುಷ್ಯರು ಸಿಗುತ್ತಾರೆ. ಚರ್ಚಿನ ವಾಟ್ಸಾಪ್ ಗುಂಪಿನಲ್ಲಿ ಬೆಳಗಾದರೆ ಸೂರ್ಯೋದಯದ ಚಿತ್ರ, ಅದರ ಮೇಲೊಂದು ಬೈಬಲ್ ವಾಕ್ಯ, ಕೆಳಗೆ ಸಾಲಾಗಿ 'ಆಮೆನ್'. ಇನ್‌ಸ್ಟಾಗ್ರಾಮಿಗೆ ಬಂದರೆ ಕನ್ನಡ ಕವನ, ಸಿನಿಮಾ, ಮಳೆ, ಪ್ರೀತಿ. ಅಲ್ಲಿ ದೇವರ ಸುಳಿವೇ ಇರೋದಿಲ್ಲ. ಮೊದಲ ಮನುಷ್ಯನಿಗೆ ಯಾವ ಅನುಮಾನವೂ ಇಲ್ಲ, ಎರಡನೆಯವನಿಗೆ ಯಾವ ನಂಬಿಕೆಯೂ ಇಲ್ಲ. ನಮ್ಮೊಳಗೆ ನೋಡಿಕೊಂಡರೆ ಎರಡೂ ಇವೆ. ನಾವು ಇಲ್ಲಿ ಹೇಳಬೇಕೆಂದಿರುವುದು ಇಷ್ಟೇ: ಎಲ್ಲವನ್ನೂ ಎಲ್ಲರಿಗೂ ಹೇಳಬೇಕಿಲ್ಲ, ಆದರೆ ಎಲ್ಲಿ ಹೇಳಿದರೂ ಹೇಳುವವರು ಒಬ್ಬರೇ ಆಗಿರಬೇಕು.

ಹೀಗೆ ಇಬ್ಬರಾಗುವುದಕ್ಕೆ ಒಂದು ಕಾರಣ ಲೈಕು. ವಾಕ್ಯದ ಕಾರ್ಡ್ ಹಾಕಿದರೆ ಗುಂಪಿನವರಿಗೆ ಖುಷಿ. ಅದೇ, 'ಎಷ್ಟು ಪ್ರಾರ್ಥನೆ ಮಾಡಿದರೂ ಈ ವಾರ ಮನಸ್ಸಿಗೆ ಸಮಾಧಾನ ಸಿಗಲಿಲ್ಲ' ಅಂತ ಬರೆದರೆ ಊರಿನಿಂದ ಆಂಟಿ ಒಬ್ಬರು ಫೋನ್ ಮಾಡಿ 'ಏನಾಯ್ತು ಪುಟ್ಟಾ, ಚರ್ಚಿಗೆ ಹೋಗ್ತಿಲ್ವಾ?' ಅಂತ ಕೇಳುತ್ತಾರೆ. ಇನ್ನೊಂದು ಕಾರಣ ಹೆದರಿಕೆ. ಕನ್ನಡದ ಓದುಗರ ಮುಂದೆ ಯೇಸುವಿನ ಹೆಸರು ಬಂತೋ, 'ಮತಾಂತರ ಶುರು ಆಯ್ತು' ಅನ್ನುವ ಕಾಮೆಂಟ್ ಬರಬಹುದು. ಇಲ್ಲವೇ, 'ನೀವು ಕನ್ನಡದವರಾ?' ಎಂಬ ಪ್ರಶ್ನೆ. ಮನೆಯಲ್ಲಿ ಕೊಂಕಣಿಯೋ ತುಳುವೋ ತಮಿಳೋ ಆಡಿ, ಶಾಲೆಯಲ್ಲಿ ಕನ್ನಡ ಕಲಿತು, ಕನ್ನಡದಲ್ಲೇ ಬರೆಯಬೇಕೆಂದು ಹಟ ಹಿಡಿದವರಿಗೆ ಈ ಪ್ರಶ್ನೆ ಚುಚ್ಚುತ್ತದೆ. ಅದಕ್ಕೇ ಒಂದು ಕಡೆ ನಂಬಿಕೆ, ಇನ್ನೊಂದು ಕಡೆ ಕನ್ನಡ ಅಂತ ಪಾಲು ಮಾಡಿಕೊಂಡು ಬಿಡುತ್ತೇವೆ.

ಮತ್ತಾಯನ ಸುವಾರ್ತೆಯ ಎರಡು ಅಧ್ಯಾಯಗಳನ್ನು ಒಟ್ಟಿಗೆ ಓದಿದರೆ ಇದಕ್ಕೊಂದು ದಾರಿ ಕಾಣುತ್ತದೆ. 5ನೇ ಅಧ್ಯಾಯದಲ್ಲಿ ಯೇಸು ಸ್ವಾಮಿ, ಹಚ್ಚಿದ ದೀಪವನ್ನು ಮುಚ್ಚಿಡಬೇಡಿ, ನಿಮ್ಮ ಒಳ್ಳೆಯ ಕೆಲಸ ಜನರಿಗೆ ಕಾಣಲಿ ಎನ್ನುತ್ತಾರೆ. 6ನೇ ಅಧ್ಯಾಯದಲ್ಲಿ ಅವರೇ, ದಾನ ಮಾಡುವಾಗ ತುತ್ತೂರಿ ಊದಬೇಡಿ, ಪ್ರಾರ್ಥನೆ ಮಾಡುವಾಗ ಕೋಣೆಯ ಬಾಗಿಲು ಹಾಕಿಕೊಳ್ಳಿ ಎನ್ನುತ್ತಾರೆ. ಒಂದು ಕಡೆ ತೋರಿಸಿ, ಇನ್ನೊಂದು ಕಡೆ ಮುಚ್ಚಿಡಿ! ಗೊಂದಲ ಅನ್ನಿಸುತ್ತೆ, ಅಲ್ವಾ? ಆದರೆ ಎರಡರ ಹಿಂದೆಯೂ ಇರುವ ಪ್ರಶ್ನೆ ಒಂದೇ: ನೋಡಿದವರು ಕೊನೆಗೆ ಹೊಗಳುವುದು ಯಾರನ್ನು? ಮೊದಲನೆಯದರಲ್ಲಿ ದೇವರನ್ನು, ಎರಡನೆಯದರಲ್ಲಿ ಮಾಡಿ ತೋರಿಸಿದವರನ್ನು. ಅಲ್ಲಿ 'ಕಪಟಿಗಳು' ಎಂದು ಬರುತ್ತದಲ್ಲ, ಅದರ ಮೂಲ ಗ್ರೀಕ್ ಪದವನ್ನು ನಾಟಕದ ನಟರಿಗೂ ಬಳಸುತ್ತಿದ್ದರು. ರೀಲ್ಸ್ ಕಾಲಕ್ಕೆ ಇದಕ್ಕಿಂತ ಸರಿಯಾದ ಪದ ಸಿಗಲಿಕ್ಕಿಲ್ಲ.

ಈ ಅಳತೆಗೋಲು ಕೈಯಲ್ಲಿದ್ದರೆ ಕೆಲವು ಸಂಗತಿಗಳು ತಾವಾಗಿಯೇ ತೀರ್ಮಾನವಾಗುತ್ತವೆ. ಅಕ್ಕಿ ಬೇಳೆಯ ಕಿಟ್ ಹಂಚುವ ಫೋಟೊದಲ್ಲಿ ಕೊಟ್ಟವರ ನಗು ಚೆನ್ನಾಗಿ ಬಂದಿರುತ್ತದೆ, ತೆಗೆದುಕೊಂಡ ಅಜ್ಜಿ ತಲೆ ತಗ್ಗಿಸಿರುತ್ತಾರೆ. ಅದನ್ನು ಹಾಕಬಾರದು. 'ಇಂಥವರಿಗೆ ಇಂಥ ಕಾಯಿಲೆ, ಪ್ರಾರ್ಥಿಸಿ' ಅಂತ ಅವರನ್ನು ಒಂದು ಮಾತೂ ಕೇಳದೆ ಹೆಸರು ಸಮೇತ ಹಾಕುವುದು ಪ್ರಾರ್ಥನೆಯ ವೇಷ ಹಾಕಿದ ಹರಟೆ. ಚಾಟ್‌ಜಿಪಿಟಿ ಕಟ್ಟಿಕೊಟ್ಟ ಸಾಕ್ಷಿಗೆ ನಮ್ಮ ಹೆಸರು ಹಾಕುವುದೂ ಅದೇ ಜಾತಿಯದ್ದು. ಕಾಗುಣಿತ ತಿದ್ದಿಸಿಕೊಳ್ಳೋದು ಬೇರೆ, ನಾವು ಸುರಿಸದ ಕಣ್ಣೀರನ್ನು ಬರೆಸಿಕೊಳ್ಳೋದು ಬೇರೆ.

ಭಾಷೆಯದ್ದೂ ಒಂದು ಮಾತಿದೆ. ದೇವರ ವಿಷಯ ಬಂದ ಕೂಡಲೇ ನಮ್ಮ ಕನ್ನಡ ಇದ್ದಕ್ಕಿದ್ದಂತೆ ಪೀಠ ಹತ್ತಿ ನಿಲ್ಲುತ್ತದೆ. ಕರ್ತನು, ಕೃಪೆಯು, ಅನುಗ್ರಹಿಸಲ್ಪಟ್ಟೆವು! ಆರಾಧನೆಯಲ್ಲಿ ಆ ಭಾಷೆಗೆ ತೂಕ ಇದೆ. ಥೀಸಿಸ್, ಮನೆ ಬಾಡಿಗೆ, ನಾಲ್ಕು ಗಂಟೆಗೇ ಕತ್ತಲಾಗುವ ಇಲ್ಲಿನ ಡಿಸೆಂಬರ್, ಆ ಕತ್ತಲಲ್ಲಿ ಮಾಡಿದ ಒಂದು ಸಣ್ಣ ಪ್ರಾರ್ಥನೆ, ಇವನ್ನು ಬರೆಯಲು ನಾವು ಕ್ಯಾಂಟೀನಿನಲ್ಲಿ ಮಾತಾಡುವ ಕನ್ನಡವೇ ಸಾಕು. ಹಾಗೆ ಬರೆದಾಗ ಕ್ರೈಸ್ತರಲ್ಲದ ಗೆಳೆಯರಿಗೂ ಅದು ತಮ್ಮದೇ ಅನ್ನಿಸುತ್ತದೆ.

ಈ ದಾರಿಯಲ್ಲಿ ನಮಗಿಂತ ಮೊದಲೇ ನಡೆದವರಿದ್ದಾರೆ. ಸಾಗರದ ನಾ. ಡಿಸೋಜ ಅವರು ಶರಾವತಿ ಅಣೆಕಟ್ಟಿನಿಂದ ಮುಳುಗಿದ ಊರುಗಳ ಸಂಕಟವನ್ನು ಕನ್ನಡಕ್ಕೆ ತಂದವರು. ಗಿರೀಶ್ ಕಾಸರವಳ್ಳಿ ಸಿನಿಮಾ ಮಾಡಿದ 'ದ್ವೀಪ'ದಲ್ಲಿ ಅವರು ಬರೆದದ್ದು ತಮ್ಮ ಧರ್ಮದವರಲ್ಲದ ಸಂಸಾರದ ಕಥೆ. ಇನ್ನೊಂದು ಕಾದಂಬರಿಯಲ್ಲಿ ತಮ್ಮ ಕ್ಯಾಥೊಲಿಕ್ ಜನರ ಬದುಕು. ಎರಡರ ಮೇಲೂ ಇರುವ ಹೆಸರು ಒಂದೇ. 2014ರಲ್ಲಿ ಮಡಿಕೇರಿಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. 2025ರ ಜನವರಿಯಲ್ಲಿ ಅವರು ತೀರಿಕೊಂಡಾಗ ನಾಡು ಕಳೆದುಕೊಂಡದ್ದು ಒಬ್ಬ ಕನ್ನಡ ಲೇಖಕರನ್ನು.

ನಾವು ಓದಲು ಬಂದಿರುವ ಈ ಜರ್ಮನಿಯಿಂದಲೇ ಹೋದ ಹರ್ಮನ್ ಮೊಗ್ಲಿಂಗ್ 1843ರ ಜುಲೈ 1ರಂದು ಕನ್ನಡದ ಮೊದಲ ಪತ್ರಿಕೆ 'ಮಂಗಳೂರು ಸಮಾಚಾರ' ಹೊರತಂದರು. ಬಾಸೆಲ್ ಮಿಶನ್ನಿನ ಪಾದ್ರಿ. ಬಂದದ್ದು ಧರ್ಮಪ್ರಚಾರಕ್ಕೆ, ಅದು ಊರಿಗೆಲ್ಲ ಗೊತ್ತಿದ್ದ ವಿಷಯ. ಅವರ ಆ ಉದ್ದೇಶವನ್ನು ಒಪ್ಪದವರೂ ಅವರು ಅಚ್ಚು ಹಾಕಿಸಿದ ಜೈಮಿನಿ ಭಾರತವನ್ನು, ದಾಸರ ಪದಗಳನ್ನು ನೆನೆಯುತ್ತಾರೆ. ಎದುರಿಗಿರುವವರು ಯಾರು ಅಂತ ಗೊತ್ತಿದ್ದರೆ, ಒಪ್ಪದೆಯೂ ಅವರನ್ನು ನಂಬಬಹುದು. ಬಚ್ಚಿಟ್ಟುಕೊಂಡವರ ಮೇಲೆ ಆ ನಂಬಿಕೆ ಹುಟ್ಟುವುದು ಕಷ್ಟ.

ಹಾಗಂತ ಧೈರ್ಯದ ಹೆಸರಿನಲ್ಲಿ ಏನು ಬೇಕಾದರೂ ಹಾಕಬಹುದೇ? ಇಲ್ಲ. ನಾವು ಸಮುದ್ರದಾಚೆ ಸುರಕ್ಷಿತವಾಗಿದ್ದೇವೆ. ನಮ್ಮ ಪೋಸ್ಟಿಗೆ ಬೆಲೆ ತೆರಬೇಕಾಗಿ ಬಂದರೆ ತೆರುವವರು ಊರಿನಲ್ಲಿರುವವರು. 'ಅಲ್ಲಿ ಕೂತ್ಕೊಂಡು ಏನೇನೋ ಬರೀಬೇಡ, ನಾವು ಇಲ್ಲೇ ಇರಬೇಕಲ್ಲ' ಅಂತ ಅಮ್ಮ ಹೇಳಿದರೆ ಅದನ್ನು ಹೇಡಿತನ ಎನ್ನಲಾಗದು. ಊರಿನ ಪ್ರಾರ್ಥನಾ ಕೂಟದ ಫೋಟೊ, ಅದು ನಡೆದ ಮನೆಯ ಗುರುತು, ಬಂದವರ ಮುಖ, ಇವನ್ನು ಹಾಕುವ ಮೊದಲು ಅವರನ್ನು ಕೇಳಲೇಬೇಕು. ನಮ್ಮ ಪ್ರಾಮಾಣಿಕತೆಗೆ ಇನ್ನೊಬ್ಬರ ನೆಮ್ಮದಿಯನ್ನು ಅಡವಿಡುವ ಹಕ್ಕು ನಮಗಿಲ್ಲ. ಸುಮ್ಮನಿದ್ದರೆ ಸುಳ್ಳು ಹೇಳಿದಂತಾಗುವುದಿಲ್ಲ. ಇಲ್ಲದ ಭಕ್ತಿಯನ್ನು ಇದೆ ಅಂದಾಗ, ಇರುವ ನಂಬಿಕೆಯನ್ನು ಇಲ್ಲ ಅಂದಾಗ ಅದು ಸುಳ್ಳಾಗುತ್ತದೆ.

ಬರೆಯುವ ಗೆಳೆಯರೇ, ಪೋಸ್ಟ್ ಒತ್ತುವ ಮೊದಲು ಇದೊಂದನ್ನು ಕೇಳಿಕೊಳ್ಳೋಣ: ಇದನ್ನು ಚರ್ಚಿನ ಆಂಟಿಯೂ ರೂಮ್‌ಮೇಟೂ ಒಟ್ಟಿಗೆ ಓದಿದರೆ, 'ಹೌದು, ಇದು ನಮಗೆ ಗೊತ್ತಿರುವವರೇ' ಅಂತಾರಾ? ಅಂದರೆ ಹಾಕೋಣ. ನಮ್ಮ ಸಂಘದ ಉಳಿದ ಗೆಳೆಯರಲ್ಲಿ ಒಂದೇ ಕೋರಿಕೆ. ಯುಗಾದಿಯ ಒಬ್ಬಟ್ಟು, ರಂಜಾನಿನ ಬಿರಿಯಾನಿಯ ಪಕ್ಕದಲ್ಲಿ ನಮ್ಮ ಕ್ರಿಸ್ಮಸ್ ಕುಸ್ವಾರಿನ ಬಗ್ಗೆ, ಅದರ ಜೊತೆಗೆ ಬರುವ ನಮ್ಮ ದೇವರ ಬಗ್ಗೆ ಕನ್ನಡದಲ್ಲಿ ಬರೆದಾಗ ಓದಿ. ಒಪ್ಪದಿದ್ದರೆ ಹಾಗಂತಲೇ ಹೇಳಿ, ಜಗಳ ಆಡೋಣ. ಯಾವ ಊರು ಅಂತ ಕೇಳಿ, ಸಂತೋಷದಿಂದ ಹೇಳ್ತೀವಿ. ಕನ್ನಡದವರಾ ಅಂತ ಮಾತ್ರ ಕೇಳಬೇಡಿ.